ಎದುರಾಳಿಗಳ ಸಾಕ್ಷ್ಯ

ಸೋತ ಪಕ್ಷದವನ ಔದಾರ್ಯವನ್ನು ಚರಿತ್ರೆ ಸುಲಭವಾಗಿ ನಂಬುವುದಿಲ್ಲ. ಅದು ಗೆದ್ದವರ ಬಾಯಿಂದಲೇ ಹೊರಡಬೇಕು. ಫ್ರಾನ್ಸಿನ ಮಾರ್ಕಿ ದ ಬೋಂಶಾಂ ವಿಷಯದಲ್ಲಿ ಹಾಗೆಯೇ ಆಗಿದೆ. 1760ರಲ್ಲಿ ಆಂಜೂ ಪ್ರಾಂತದ ಕುಲೀನ ಮನೆತನದಲ್ಲಿ ಹುಟ್ಟಿದ ಈತ, ಫ್ರೆಂಚರು ಮೈಸೂರಿನ ಮಿತ್ರರಾಗಿ ಇಂಗ್ಲಿಷರೊಡನೆ ಸೆಣಸುತ್ತಿದ್ದ ದಿನಗಳಲ್ಲಿ ಭಾರತಕ್ಕೂ ಬಂದು ಕಾದಿದವನು. ಕ್ರಾಂತಿಯಾದಾಗ ರಾಜನಿಷ್ಠೆ ಬಿಡಲಾರದೆ ಸೇನೆಯನ್ನೇ ಬಿಟ್ಟು ಊರು ಸೇರಿದ. 1793ರಲ್ಲಿ ಹೊಸ ಗಣರಾಜ್ಯ 3 ಲಕ್ಷ ಮಂದಿಯನ್ನು ಸೈನ್ಯಕ್ಕೆ ಎಳೆಯಹೊರಟಿತು. ತಮ್ಮ ಪಾದ್ರಿಗಳ ಮೇಲಿನ ಬಲವಂತಕ್ಕೆ ಮೊದಲೇ ಕುದಿಯುತ್ತಿದ್ದ ವಾಂದೆ ಸೀಮೆಯ ರೈತರು ದಂಗೆಯೆದ್ದು, ಅವನ ಮನೆಬಾಗಿಲಿಗೇ ಬಂದು ನಾಯಕನಾಗೆಂದು ಕರೆದರು.

ಅಕ್ಟೋಬರ್ 17ರಂದು ಶೊಲೆಯ ಕಾಳಗದಲ್ಲಿ ಅವರು ಸೋತರು. ಬೋಂಶಾಂಗೆ ಮಾರಣಾಂತಿಕ ಗಾಯವಾಯಿತು. ಹೆಂಗಸರು ಮಕ್ಕಳ ಸಮೇತ ಸಾವಿರಾರು ಜನ ಲ್ವಾರ್ ನದಿ ದಾಟಲು ಸಾಂ ಫ್ಲೊರಾಂನಲ್ಲಿ ಮುಗಿಬಿದ್ದಿದ್ದರು. ಅಲ್ಲಿನ ಇಗರ್ಜಿಯಲ್ಲಿ ಗಣರಾಜ್ಯದ ಕಡೆಯ ಸುಮಾರು 5000 ಕೈದಿಗಳಿದ್ದರು. ಸೇಡಿಗಾಗಿ ಅವರನ್ನು ಕೊಲ್ಲಬೇಕೆಂದು ದಂಗೆಕೋರರು ಕೂಗೆಬ್ಬಿಸಿದಾಗ, ಸಾಯುತ್ತಿದ್ದ ಬೋಂಶಾಂ ಕ್ಷಮಿಸಿ ಬಿಡಿ ಎಂದು ಆಜ್ಞೆ ಮಾಡಿದ. ಕೈದಿಗಳು ಉಳಿದರು. ಮರುದಿನ, 18ರಂದು, ನದಿಯಾಚೆ ಅವನು ತೀರಿಕೊಂಡ.

ಕೈದಿಗಳನ್ನು ನದಿ ದಾಟಿಸಲು ಆಗದೆ ಬಿಟ್ಟರು, ಅದನ್ನು ದಯೆ ಎನ್ನಬೇಕೆ ಎಂಬ ಆಕ್ಷೇಪವಿದೆ. ದಾಟಿಸಲು ಆಗದಿದ್ದಾಗ ಸುಲಭದ ದಾರಿ ಕೊಲೆಯೇ ಆಗಿತ್ತಲ್ಲ! ಇದು ರಾಜಪಕ್ಷದವರು ಆಮೇಲೆ ಹೆಣೆದ ಕಥೆ ಎನ್ನುವವರಿಗೆ ಉತ್ತರ ಎದುರು ಪಾಳೆಯದಲ್ಲೇ ಇದೆ. ಗಣರಾಜ್ಯದ ಪ್ರತಿನಿಧಿ ಮೆರ್ಲಾಂ ಪ್ಯಾರಿಸ್ಸಿಗೆ ಬರೆದು, ಈ ಬಿಡುಗಡೆಯನ್ನು ಮರೆವಿನಲ್ಲಿ ಹೂಳಿಬಿಡಬೇಕೆಂದು ಸಲಹೆ ಕೊಟ್ಟ. ನಡೆಯದ ಸಂಗತಿಯನ್ನು ಹೂಳಬೇಕೆಂದು ಯಾರೂ ಹೇಳುವುದಿಲ್ಲ.

ಅದೇ ವರ್ಷ ಮಾಶ್ಕೂಲ್‌ನಲ್ಲಿ ದಂಗೆಕೋರರೇ ಗಣರಾಜ್ಯವಾದಿಗಳನ್ನು ಕಗ್ಗೊಲೆ ಮಾಡಿದ್ದರು ಎಂಬ ಮಾತು ಇನ್ನೂ ತೂಕದ್ದು, ನಿಜವೂ ಹೌದು. ಒಬ್ಬನ ಕ್ಷಮೆ ಇಡೀ ಪಕ್ಷದ ರಕ್ತವನ್ನು ತೊಳೆಯಲಾರದು. ಅರಸೊತ್ತಿಗೆ ಮರಳಬೇಕೆಂಬ ಅವನ ಹಂಬಲವನ್ನು ನಾವು ಒಪ್ಪಬೇಕಾಗಿಯೂ ಇಲ್ಲ. ಆದರೆ ಪಕ್ಷದ ಪಾಪವನ್ನು ಅವನ ತಲೆಗೆ ಕಟ್ಟಿ ಆ ಆಜ್ಞೆಯನ್ನು ಅಳಿಸಹೊರಟರೆ ಮೆರ್ಲಾಂ ಕೊಟ್ಟ ಸಲಹೆಯನ್ನೇ ನಡೆಸಿದಂತಾಗುತ್ತದೆ. ಶಿಲ್ಪಿ ದಾವಿದ್ ದಾಂಜೆ ಹಾಗೆ ಮಾಡಲಿಲ್ಲ. ಅವನು ಕಟ್ಟಾ ಗಣರಾಜ್ಯವಾದಿ. ಅವನ ತಂದೆ ಆ ಕೈದಿಗಳಲ್ಲೊಬ್ಬ. 1825ರಲ್ಲಿ ಅನಾವರಣಗೊಂಡ ಅವನ ಅಮೃತಶಿಲೆಯ ಬೋಂಶಾಂ, ಒರಗಿದಲ್ಲಿಂದಲೇ ಮೈಯೆತ್ತಿ ಕೈ ಚಾಚಿದ ಭಂಗಿಯಲ್ಲಿ, ಇಂದಿಗೂ ಸಾಂ ಫ್ಲೊರಾಂನ ಇಗರ್ಜಿಯಲ್ಲಿದ್ದಾನೆ.