ಗಡಿಯಾರ ಅರ್ಜಿದಾರನಿಗೆ ಮಾತ್ರವಾ?

ಹೋದ ಸಲ ಊರಿಗೆ ಹೋದಾಗ ಕಾಕಾ ಒಂದೇ ಪ್ರಶ್ನೆ ಕೇಳಿದ್ರು. ಹಿರೇಕೆರೂರಲ್ಲಿ ಅವರದ್ದೊಂದು ಸಣ್ಣ ಗಿರಣಿ ಇದೆ. ಜೋಳ, ಗೋಧಿ ಬೀಸೋದು, ಮೆಣಸಿನಕಾಯಿ ಬಂದಾಗ ಖಾರ ಕುಟ್ಟೋದು. ಕೆಲಸವೆಲ್ಲ ಹಗಲಲ್ಲೇ. ಮೇಲೆ ಇಡೀ ದಿನ ಬಿಸಿಲು ಬೀಳೋ ಆರ್‌ಸಿಸಿ ಚಾವಣಿ. ಅಲ್ಲಿ 10 ಕಿಲೋವ್ಯಾಟ್ ಸೋಲಾರ್ ಹಾಕಿಸಿ, ಮಿಕ್ಕ ಕರೆಂಟನ್ನು ಲೈನಿಗೆ ಬಿಡಬೇಕು ಅನ್ನೋದು ಅವರ ಆಸೆ.

"ತಮ್ಮಾ, ಕಂತು ಯಾವತ್ತಿಂದ ಶುರು ಅಂತ ಬ್ಯಾಂಕಿನಾಂವ ಹೇಳ್ಯಾನ. ಲೈನಿಗೆ ಯಾವತ್ತ ಜೋಡಸ್ತಾರ ಅಂತ ಮಾತ್ರ ಯಾರೂ ಹೇಳವಲ್ರು. ನೀ ಎಂಜಿನಿಯರ್ ಅದಿ, ನೀನರ ಹೇಳು."

ನಾನು ಓದಿದ್ದು ಬಿಇ, ಬರೆಯೋದು ಕೋಡ್. ಆದ್ರೂ ಮರ್ಯಾದೆ ಉಳಿಸ್ಕೊಳ್ಳೋಕೆ ನಿಯಮ ತೆಗೆದು ಓದಿದೆ. ನಿಜ ಹೇಳ್ಬೇಕಂದ್ರೆ ನಿಯಮ ಚೆನ್ನಾಗಿಯೇ ಇದೆ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂತು. 10 ಕಿಲೋವ್ಯಾಟ್‌ವರೆಗಿನ ಚಾವಣಿ ಸೋಲಾರ್‌ಗೆ ತಾಂತ್ರಿಕ ಪರಿಶೀಲನೆಯೇ ಬೇಡ, ಅರ್ಜಿ ಒಪ್ಪಿಗೆಯಾದಂತೆಯೇ. ಅದಕ್ಕಿಂತ ದೊಡ್ಡದಾದ್ರೆ 15 ದಿನದಲ್ಲಿ ಪರಿಶೀಲನೆ ಮುಗೀಬೇಕು, ಮುಗೀದಿದ್ರೆ ಒಪ್ಪಿಗೆ ಸಿಕ್ಕಂತೆ. ಪ್ಯಾನೆಲ್ ಕೂರಿಸಿದ ಪ್ರಮಾಣಪತ್ರ ಕೊಟ್ಟ ಮೇಲೆ ಕರಾರು, ಮೀಟರ್, ಜೋಡಣೆ ಎಲ್ಲಾ 15 ದಿನದೊಳಗೆ.

ಆದರೆ ಒಂದು ವಿಷಯ ಗಮನಿಸಿ. ಒಪ್ಪಿಗೆ ತಾನಾಗೇ ಸಿಗಬಹುದು, ಮೀಟರ್ ತಾನಾಗೇ ಬಂದು ಕೂರಲ್ಲ. ಅದಕ್ಕೆ ಒಬ್ಬ ಮನುಷ್ಯ ಬರಬೇಕು. ಅವನು ಬರದಿದ್ರೆ ಕಾಕಾನ ಕಂತು ಓಡ್ತಾನೇ ಇರುತ್ತೆ, ಪ್ಯಾನೆಲ್ ಬಿಸಿಲು ಕಾಯಿಸ್ತಾ ಕೂತಿರುತ್ತೆ.

ತಡವಾದ್ರೆ ನಷ್ಟ ಯಾರ ತಲೆ ಮೇಲೆ ಬೀಳುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಪಾಠ ಇದೆ. 2014ರಲ್ಲಿ ಕರ್ನಾಟಕ ಸರ್ಕಾರ ಜಮೀನಿರೋ ರೈತರಿಗಾಗಿ 1ರಿಂದ 3 ಮೆಗಾವ್ಯಾಟ್ ಸೋಲಾರ್ ಯೋಜನೆ ತಂತು. ಯುನಿಟ್‌ಗೆ 8 ರೂಪಾಯಿ 40 ಪೈಸೆ, 18 ತಿಂಗಳಲ್ಲಿ ಘಟಕ ಶುರುವಾಗಬೇಕು. ಭೂಪರಿವರ್ತನೆ, ಗ್ರಿಡ್ ಜೋಡಣೆ ಒಪ್ಪಿಗೆ ಎಲ್ಲಾ ಕೊಡಬೇಕಾದ್ದು ಸರ್ಕಾರಿ ಕಚೇರಿಗಳೇ. ಅಲ್ಲೇ ಕಾಗದ ತಡವಾದ ಯೋಜನೆಗಳಲ್ಲಿ ಹಿರೇಹಳ್ಳಿ ಸೋಲಾರ್ ಒಂದು. ಗಡುವು ದಾಟಿತು ಅಂತ ಕೆಇಆರ್‌ಸಿ ಅದರ ದರವನ್ನ 4 ರೂಪಾಯಿ 36 ಪೈಸೆಗೆ ಇಳಿಸಿತು. ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ಆ ಆದೇಶ ರದ್ದು ಮಾಡ್ತು. ಬೆಸ್ಕಾಂ ಸುಪ್ರೀಂ ಕೋರ್ಟಿಗೆ ಹೋಯ್ತು. 2024ರ ಆಗಸ್ಟ್‌ನಲ್ಲಿ ಕೋರ್ಟು ಬೆಸ್ಕಾಂ ಮನವಿಯನ್ನ ತಳ್ಳಿಹಾಕ್ತು. ಸರ್ಕಾರಿ ಕಚೇರಿಗಳಿಂದಾದ ತಡಕ್ಕೆ ಯೋಜನೆಯವರು ಹೊಣೆಯಲ್ಲ ಅನ್ನೋ ನಿಲುವು ಅಂತೂ ಗಟ್ಟಿಯಾಯ್ತು.

2015ರ ಒಪ್ಪಂದಕ್ಕೆ ಕೊನೆಯ ಮಾತು 2024ರಲ್ಲಿ! ಅಲ್ಲಿ ಹೋರಾಡೋಕೆ ವಕೀಲರನ್ನಿಟ್ಟ ಒಂದು ಕಂಪನಿ ಇತ್ತು. ಗಿರಣಿ ಬಿಟ್ಟು ಕಾಕಾ ದಿಲ್ಲಿಗೆ ಹೋಗ್ತಾರಾ?

"ಗ್ರಿಡ್ ಅಂದ್ರೆ ಆ್ಯಪ್ ಅಲ್ಲ ಗುರು" ಅಂತ ಇಂಧನ ಕ್ಷೇತ್ರದಲ್ಲಿರೋ ಗೆಳೆಯನೊಬ್ಬ ಬೈದ. ಅವನ ಮಾತಲ್ಲಿ ಸತ್ಯ ಇದೆ. ಟ್ರಾನ್ಸ್‌ಫಾರ್ಮರ್ ತಡೆಯೋದಕ್ಕೂ ಮಿತಿ ಇದೆ. ಎಲ್ಲರೂ ಮಧ್ಯಾಹ್ನ ಲೈನಿಗೆ ಬಿಟ್ರೆ ವೋಲ್ಟೇಜ್ ಏರುತ್ತೆ. ಲೈನ್ ಆಫ್ ಮಾಡಿ ಲೈನ್‌ಮ್ಯಾನ್ ಕಂಬ ಹತ್ತಿದಾಗ ಯಾರದೋ ಚಾವಣಿಯಿಂದ ಕರೆಂಟ್ ಬಂದ್ರೆ ಜೀವಾನೇ ಹೋಗುತ್ತೆ. ಪರೀಕ್ಷೆ ಮಾಡ್ಲಿ, ಬೇಡ ಅನ್ನಲ್ಲ. ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಬರೆದು ಕೊಡ್ಲಿ. ಏನೂ ಹೇಳದೆ ಸುಮ್ಮನಿರೋದು ತಾಂತ್ರಿಕ ಕಾರಣ ಅಲ್ಲ.

ಈ ಆಟ ನಮಗೂ ಗೊತ್ತು ಬಿಡಿ. ಎಸ್‌ಎಲ್‌ಎ ಮೀರೋ ಹೊತ್ತಿಗೆ ಟಿಕೆಟ್‌ನ "ಇನ್ನಷ್ಟು ಮಾಹಿತಿ ಬೇಕು" ಅಂತ ಗ್ರಾಹಕನಿಗೇ ವಾಪಸ್ ತಳ್ಳಿದ್ರೆ ನಮ್ಮ ಗಡಿಯಾರ ನಿಂತು ಹೋಗುತ್ತೆ. ನಾನೂ ತಳ್ಳಿದ್ದೀನಿ. ಅದಕ್ಕೇ ಹೇಳ್ತೀನಿ, ಬರೀ ಗಡುವು ಬರೆದರೆ ಸಾಲದು.

ನಿಯಮದಲ್ಲಿ ಪರಿಹಾರವೂ ಇದೆ: ಸಕಾರಣ ಇಲ್ಲದೆ ತಡ ಮಾಡಿದ್ರೆ ದಿನಕ್ಕೆ 500 ರೂಪಾಯಿಗೆ ಕಡಿಮೆ ಇಲ್ಲದಂತೆ. ಒಳ್ಳೇದೇ. ಆದರೆ ಅದನ್ನ ಪಡೆಯೋಕೆ ಗ್ರಾಹಕ ಮತ್ತೊಂದು ಅರ್ಜಿ ಹಿಡ್ಕೊಂಡು ಅದೇ ಬಾಗಿಲಿಗೆ ಅಲೆಯೋ ಹಾಗಾಗಬಾರದು. 16ನೇ ದಿನದಿಂದ ಆ ದುಡ್ಡು ತಾನಾಗೇ ಬಿಲ್ಲಿನಲ್ಲಿ ಕಳೀಬೇಕು. ನಾವು ಬಿಲ್ ಕಟ್ಟೋದು ತಡವಾದ್ರೆ ಬಡ್ಡಿ ತಾನಾಗೇ ಸೇರುತ್ತಲ್ಲ, ಹಾಗೆ. ಯಾವ ಟ್ರಾನ್ಸ್‌ಫಾರ್ಮರ್‌ನಲ್ಲಿ ಎಷ್ಟು ಜಾಗ ಇದೆ, ಯಾವ ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಇದೆ ಅನ್ನೋದು ಎಲ್ಲರಿಗೂ ಕಾಣಬೇಕು. ಕಾಗದ ಕಡಿಮೆ ಇದ್ರೆ ಒಂದೇ ಸಲಕ್ಕೆ ಎಲ್ಲಾ ಕೇಳಿ ಮುಗಿಸಬೇಕು. ಇದಕ್ಕೆ ಹೊಸ ತಂತ್ರಜ್ಞಾನ ಏನೂ ಬೇಡ, ಇಂಥದ್ದನ್ನ ನಾವು ದಿನಾ ಆಫೀಸಲ್ಲಿ ಕಟ್ಟಿ ಕೊಡ್ತಿದ್ದೀವಿ.

ನಿಯಮ ಓದಿ ಮುಗಿಸಿ ಕಾಕಾಗೆ ಫೋನ್ ಮಾಡಿದೆ. "ಹದಿನೈದು ದಿನ ಅಂತ ಬರ್ದಾರ ಕಾಕಾ."

"ಬರ್ದಿದ್ದು ಖರೇ ಇರಬಹುದು ತಮ್ಮಾ. ಹದಿನಾರನೇ ದಿನ ನಾ ಯಾರನ್ನ ಕೇಳ್ಲಿ?"

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಇರಬೇಕಾದವರು ಕೊಡಲಿ.