ಮೂಗು ನುಂಗುವ ಮೂರು ದೀಪ

ಮುಂಬೈನ ಬೋರಾ ಬಜಾರ್‌ಗೋ ದೆಹಲಿಯ ಕೂಚಾ ಚೌಧರಿಗೋ ಹೋಗಿ ‘ಸ್ಟುಡಿಯೊ ಫ್ಲ್ಯಾಶ್ ಕಲಿಯಬೇಕು, ಏನು ಕೊಳ್ಳಲಿ?’ ಎಂದು ಕೇಳುವ ಹೊಸಬರ ಮುಂದೆ ಅಂಗಡಿಯವರು ಮೂರು ಫ್ಲ್ಯಾಶ್, ಮೂರು ಸ್ಟ್ಯಾಂಡ್, ಎರಡು ಸಾಫ್ಟ್‌ಬಾಕ್ಸ್‌ಗಳ ಕಿಟ್ ಇಟ್ಟರೆ ಅಚ್ಚರಿಯಿಲ್ಲ. ವ್ಯಾಪಾರ ಇರುವುದೇ ಹಾಗೆ. ಅಚ್ಚರಿ ಹುಟ್ಟಿಸುವವರು ಕಲಿಸುವವರು: ಮೊದಲ ಪಾಠಕ್ಕೇ ಮೂರು ದೀಪ ಹೂಡುತ್ತಾರೆ. ಎಡಕ್ಕೊಂದು, ಬಲಕ್ಕೊಂದು, ಹಿಂದಕ್ಕೊಂದು. ಮುಖ ಬೆಳಗುತ್ತದೆ, ಮೂಗು ಮಾಯವಾಗುತ್ತದೆ.

ಒಂದೇ ಫ್ಲ್ಯಾಶ್ ಸಾಕು ಎನ್ನುವುದು ಕಾಸಿಲ್ಲದವರಿಗೆ ಹೇಳುವ ಸಮಾಧಾನವಲ್ಲ. ಮೂರು ದೀಪ ಒಟ್ಟಿಗೆ ಹೊಳೆದಾಗ ಯಾವ ನೆರಳು ಯಾವುದರದ್ದೆಂದು ಹೊಸಬರ ಕಣ್ಣಿಗೆ ತಿಳಿಯುವುದಿಲ್ಲ. ಒಂದೇ ಇದ್ದರೆ ತಪ್ಪು ಅಡಗಿ ಕೂರಲು ಜಾಗವಿಲ್ಲ. ರಾತ್ರಿ ಹೊತ್ತು ಕೋಣೆಯಲ್ಲಿ ಕ್ಯಾಮೆರಾವನ್ನು ಐಎಸ್‌ಒ 100, ಎಫ್/8, 1/125 ಸೆಕೆಂಡಿಗೆ ಇಟ್ಟು ಫ್ಲ್ಯಾಶ್ ಇಲ್ಲದೆ ಒಂದು ಚಿತ್ರ ತೆಗೆದರೆ ಸಿಗುವುದು ಹೆಚ್ಚುಕಮ್ಮಿ ಕಪ್ಪು ಚೌಕ. ಮೊದಲ ಪಾಠ ಅದೇ. ಇನ್ನು ಬರುವ ಬೆಳಕೆಲ್ಲ ಫ್ಲ್ಯಾಶಿನದ್ದು. ಶಟರನ್ನು 1/60ಕ್ಕೆ ಇಳಿಸಿದರೂ ಮುಖದ ಬೆಳಕು ಬದಲಾಗುವುದಿಲ್ಲ, ಯಾಕೆಂದರೆ ಫ್ಲ್ಯಾಶ್ ಅಷ್ಟರೊಳಗೆ ಮಿಂಚಿ ಮುಗಿದಿರುತ್ತದೆ.

ಆಮೇಲೆ ದೂರ. ದೀಪ 1 ಮೀಟರಿನಿಂದ 2 ಮೀಟರಿಗೆ ಸರಿದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಬಿಳಿ ಕೊಡೆ ಹಾಕಿದ ಫ್ಲ್ಯಾಶ್ ಮುಖಕ್ಕೆ 1 ಮೀಟರ್, ಹಿಂದಿನ ಗೋಡೆಗೆ 3 ಮೀಟರ್ ಇದ್ದರೆ ಗೋಡೆಗೆ ತಲುಪುವುದು ಸುಮಾರು ಒಂಬತ್ತನೇ ಒಂದು ಪಾಲು. ಪುಣೆಯ ಬಾಡಿಗೆ ಮನೆಯ ಸುಣ್ಣದ ಗೋಡೆ, ಓನರ್‌ಗೆ ಗೊತ್ತೇ ಆಗದಂತೆ, ಬೂದುಬಣ್ಣಕ್ಕೆ ತಿರುಗುತ್ತದೆ. ಹಿನ್ನೆಲೆಯ ಬಟ್ಟೆಯನ್ನೂ ಕೊಳ್ಳಬೇಕಿಲ್ಲ.

ಮೂರು ದೀಪದ ನಿಜವಾದ ಕೇಡು ದುಡ್ಡಿನದ್ದಲ್ಲ, ಚರ್ಮದ್ದು. ಕೊಡಾಕ್ ಕಂಪನಿ ಕಳೆದ ಶತಮಾನದಲ್ಲಿ ಲ್ಯಾಬ್‌ಗಳಿಗೆ ಕಳಿಸುತ್ತಿದ್ದ ‘ಶರ್ಲಿ’ ಕಾರ್ಡುಗಳಲ್ಲಿ ದಶಕಗಳ ಕಾಲ ಬಿಳಿಯ ಹೆಣ್ಣಿನ ಮೈಬಣ್ಣವೇ ಅಳತೆಗೋಲಾಗಿತ್ತು. ಇಲ್ಲಿ ಆ ಕಾರ್ಡೂ ಬೇಕಿರಲಿಲ್ಲ, ಸಂಬಂಧಕ್ಕೆ ಕಳಿಸುವ ಹುಡುಗಿಯ ಫೋಟೊ ಇತ್ತಲ್ಲ. ಎದುರಿನಿಂದ ಎರಡು ದೀಪ ಸುರಿದರೆ ಕಪ್ಪು ಮುಖ ‘ತಿಳಿಯಾಗುತ್ತದೆ’, ಗಿರಾಕಿ ಖುಷಿ. ಹೊಸಬರು ಇದನ್ನೇ ಸರಿಯಾದ ಎಕ್ಸ್‌ಪೋಷರ್ ಎಂದು ಕಲಿತುಬಿಡುತ್ತಾರೆ. ಕಪ್ಪು ಚರ್ಮಕ್ಕೆ ಬೇಕಾದ್ದು ಹೆಚ್ಚು ಬೆಳಕಲ್ಲ, ದೊಡ್ಡ ಬೆಳಕು. ಕೊಡೆಯನ್ನು ಪಕ್ಕದಿಂದ, ಹತ್ತಿರ ತಂದರೆ ಅದರ ಬಿಳುಪು ಕೆನ್ನೆಯ ಏರಿನ ಮೇಲೆ, ಮೂಗಿನ ಅಂಚಿನ ಮೇಲೆ ಹೊಳಪಾಗಿ ಕೂರುತ್ತದೆ. ಬಣ್ಣ ಬಣ್ಣವಾಗಿಯೇ ಉಳಿಯುತ್ತದೆ.

‘ನಾವು ಕಿಟಕಿ ಬೆಳಕಿನವರು, ಫ್ಲ್ಯಾಶ್ ಕೃತಕ’ ಎನ್ನುವ ಮಡಿವಂತರೂ ಇದ್ದಾರೆ. ಮುಂಬೈನ ಜುಲೈ ಮಳೆಯಲ್ಲಿ ಸಂಜೆ ಆರಕ್ಕೆ ಅವರ ಕಿಟಕಿ ಏನು ಕೊಡುತ್ತದೋ!

ಎರಡನೇ ದೀಪ ಬೇಕೆನಿಸುವ ದಿನ ಬರಬಹುದು. ಅದಕ್ಕೂ ಮೊದಲು ಮುಖದ ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮೋಕೋಲ್ ಹಾಳೆ ಹಿಡಿದು ನೋಡಬೇಕು, ನೆರಳು ಮೆತ್ತಗಾಗುತ್ತದೆ. ಹಾಳೆ ತೆಗೆದು ಕಪ್ಪು ಬಟ್ಟೆ ಹಿಡಿದರೆ ನೆರಳು ಇನ್ನಷ್ಟು ಗಾಢವಾಗುತ್ತದೆ.