ಸಂಭ್ರಮ ಶನಿವಾರಕ್ಕೊಂದು ಕಂಬಳದ ಕರೆ

ಅಂಡರ್‌ಟೇಕರ್‌ನ ತೂಕ ಎಷ್ಟು, ಗ್ರೇಟ್ ಖಲಿಯ ಎತ್ತರ ಎಷ್ಟು ಎಂದು ಕೇಳಿದರೆ ನಮ್ಮ ಪ್ರಾಯದವರು ನಿದ್ದೆಗಣ್ಣಲ್ಲೂ ಹೇಳಿಯಾರು. ಕುಸ್ತಿಪಟುಗಳ ಟ್ರಂಪ್ ಕಾರ್ಡನ್ನು ಬೆಂಚಿನಡಿ ಹಿಡಿದುಕೊಂಡು ಕಲಿತದ್ದದು. ತೂಕ ಪೌಂಡಿನಲ್ಲಿ, ಎತ್ತರ ಅಡಿ-ಇಂಚಿನಲ್ಲಿ. ಯಾವ ಅಂಕಿ ಹೇಳಿದರೆ ಎದುರಿನವನ ಕಾರ್ಡ್ ನಮ್ಮ ಕೈಗೆ ಬರುತ್ತದೆ ಎಂದು ಕಣ್ಣು ಮಿಟುಕಿಸುವುದರೊಳಗೆ ಅಂದಾಜು ಮಾಡುತ್ತಿದ್ದೆವು. ಅದೇ ಹೊತ್ತಿಗೆ ಬೋರ್ಡಿನ ಮೇಲೆ ಪೌಂಡನ್ನು ಕಿಲೋಗೆ ತರುವ ಲೆಕ್ಕ ಬರೆದಿದ್ದರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಟಿವಿಯ ಕುಸ್ತಿಯನ್ನು ಬಿಡೋಣ. ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟ ಆಟ ಅದು. ಯಾರೂ ಬರೆದಿಡದ, ಸಾವಿರಾರು ಜನ ನಿಂತು ನೋಡುವ ಆಟ ನಮ್ಮಲ್ಲೇ ಇದೆ. ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುವಾಗ ಎಷ್ಟೋ ತರಗತಿಗಳಲ್ಲಿ ಹಿಂದಿನ ಎರಡು ಬೆಂಚು ಖಾಲಿ ಇರುತ್ತವೆ. ಚಕ್ಕರ್ ಹೊಡೆದವರು ಎಲ್ಲಿದ್ದಾರೆಂದು ಟೀಚರಿಗೂ ಗೊತ್ತು. ನಮ್ಮ ಅಭಿಪ್ರಾಯ ಏನೆಂದರೆ, ಪುತ್ತೂರು, ಸುಳ್ಯ, ಕಡಬದ ಹೈಸ್ಕೂಲುಗಳು ಆ ದಿನ ಇಡೀ ತರಗತಿಯನ್ನೇ ಗದ್ದೆಗೆ ಕರೆದುಕೊಂಡು ಹೋಗಬೇಕು. ಪ್ರವಾಸಕ್ಕೆ ಅಂತ ಅಲ್ಲ, ನೋಟ್‌ಬುಕ್ ಮತ್ತು ಸ್ಟಾಪ್‌ವಾಚ್ ಹಿಡಿದುಕೊಂಡು ಪಾಠಕ್ಕೆ.

ಲೆಕ್ಕದಿಂದಲೇ ಶುರು ಮಾಡುವ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ ಸುದ್ದಿ ದೇಶವೆಲ್ಲ ಹರಡಿತು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಅಲ್ಲಿಗೆ ನಮ್ಮ ಮಾಧ್ಯಮಗಳಿಗೆ ತಲೆಬರಹ ಸಿಕ್ಕಿತು, ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಗೌಡರು ಮಾತ್ರ ತಾನು ಗದ್ದೆಯಲ್ಲಿ ಓಡುವವನು, ಬೋಲ್ಟ್ ವಿಶ್ವ ಚಾಂಪಿಯನ್ ಎಂದು ಹೋಲಿಕೆಯನ್ನೇ ದೂರ ಇಟ್ಟರು.

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ‘ಚಲನೆ’ ಎಂಬ ಪಾಠ ಇದೆ. ಸರಾಸರಿ ಜವ ಎಂದರೇನು ಎಂದು ಅಲ್ಲಿ ಬರುತ್ತದೆ. 142.5ನ್ನು 13.62ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 10.46 ಮೀಟರ್. ಬೋಲ್ಟ್‌ನದು ಸುಮಾರು 10.44. ಇಲ್ಲಿಯವರೆಗೆ ಯಾವ ಮಕ್ಕಳೂ ಮಾಡುತ್ತಾರೆ. ಮುಂದಿನ ಪ್ರಶ್ನೆಯಲ್ಲಿ ರುಚಿ ಇರುವುದು: 142.5 ಮೀಟರಿನ ಸರಾಸರಿಯನ್ನು 100 ಮೀಟರಿಗೆ ಹಾಗೇ ಇಳಿಸಬಹುದೇ? ಹೊರಡುವಾಗ ವೇಗ ಸೊನ್ನೆ, ಮೊದಲ ಕೆಲವು ಸೆಕೆಂಡು ವೇಗ ಏರುವುದರಲ್ಲೇ ಹೋಗುತ್ತದೆ. ಓಟ ಉದ್ದವಾದಷ್ಟೂ ಆ ನಿಧಾನದ ಭಾಗ ಸರಾಸರಿಯಲ್ಲಿ ಕರಗಿಹೋಗುತ್ತದೆ. ಹಾಗಾದರೆ ಮೊದಲ 100 ಮೀಟರಿಗೆ ಹಿಡಿದ ಸಮಯ 9.55ಕ್ಕಿಂತ ಹೆಚ್ಚೋ ಕಡಿಮೆಯೋ? ಮತ್ತೊಂದು ಪ್ರಶ್ನೆ, ಹಗ್ಗ ಹಿಡಿದವನನ್ನು ಎರಡು ಕೋಣಗಳು ಎಳೆಯುತ್ತಿರುವಾಗ ಆ ವೇಗ ಯಾರದು? ಈ ಎರಡು ಪ್ರಶ್ನೆ ಕೇಳಿದ್ದರೆ ಆ ವಾರದ ಅರ್ಧದಷ್ಟು ಸುದ್ದಿ ಅಚ್ಚಾಗುತ್ತಿರಲಿಲ್ಲ. ಪತ್ರಿಕೋದ್ಯಮ ಕಲಿತ ನಮಗೇ ಈ ಪಾಠ ಹೆಚ್ಚು ಬೇಕು ಎನ್ನಿ.

ಗಂತಿನಲ್ಲಿ ಒಬ್ಬ, ಮಂಜೊಟ್ಟಿಯಲ್ಲಿ ಒಬ್ಬ, ನಡುವೆ ಪ್ರತಿ 25 ಮೀಟರಿಗೆ ಒಬ್ಬ ವಿದ್ಯಾರ್ಥಿ ಗಡಿಯಾರ ಹಿಡಿದು ನಿಂತರೆ ಉತ್ತರ ಅವರ ಕೈಯಲ್ಲೇ ಇರುತ್ತದೆ. ಹತ್ತು ಓಟ ಅಳೆದರೆ ಗ್ರಾಫ್ ಹಾಕಲು ಬೇಕಾದಷ್ಟು ಅಂಕಿ. ಇವರ ಸಮಯಕ್ಕೂ ಕಂಬಳದವರ ಯಂತ್ರದ ಸಮಯಕ್ಕೂ ವ್ಯತ್ಯಾಸ ಬಂದೇ ಬರುತ್ತದೆ. ಬೆರಳು ಗುಂಡಿ ಒತ್ತುವಷ್ಟರಲ್ಲಿ ಎಷ್ಟು ಹೊತ್ತು ಕಳೆಯಿತು ಎಂಬುದೂ ಒಂದು ಪಾಠವೇ.

ಕನೆ ಹಲಗೆಯ ಸ್ಪರ್ಧೆಯಲ್ಲಿ ವೇಗಕ್ಕಿಂತ ನೀರಿನ ಎತ್ತರ ಮುಖ್ಯ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ಹಾರಬೇಕು. ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ ಗೋಪುರದ, ದೀಪಸ್ತಂಭದ ಎತ್ತರ ಕಂಡುಹಿಡಿಯುವ ಲೆಕ್ಕ ಬರುತ್ತದೆ. ಸುಳ್ಯದ ಮಕ್ಕಳು ದೀಪಸ್ತಂಭ ಎಲ್ಲಿ ನೋಡಬೇಕು? ಕೋನಮಾಪಕಕ್ಕೆ ಒಂದು ದಾರ, ಒಂದು ಕಲ್ಲು ಕಟ್ಟಿ ನಿಶಾನೆಯ ಎತ್ತರ ಅಳೆಯಲಿ. ಬಳಿಕ ಕೋಲು ಎಂದರೆ ಎಷ್ಟು ಅಡಿ ಎಂದು ಅಲ್ಲಿರುವ ಹಿರಿಯರನ್ನು ಕೇಳಿ ತಾಳೆ ನೋಡಲಿ.

ಸಮಾಜ ವಿಜ್ಞಾನಕ್ಕಂತೂ ಇಷ್ಟು ಹತ್ತಿರದ ಉದಾಹರಣೆ ಬೇರೆ ಸಿಗಲಿಕ್ಕಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಕಂಬಳಕ್ಕೂ ಕುತ್ತು ಬಂತು. 2017ರಲ್ಲಿ ರಾಜ್ಯ ತಿದ್ದುಪಡಿ ಮಾಡಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಏಕೆ ಬೇಕಾಯಿತು? ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯ ವಿಷಯ, 1960ರ ಕೇಂದ್ರ ಕಾಯ್ದೆ ಆಗಲೇ ಇತ್ತು, ಅದಕ್ಕೆ. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮೂರು ಪಟ್ಟಿಗಳ ಹೆಸರನ್ನು ಬಾಯಿಪಾಠ ಹೊಡೆದು ಪರೀಕ್ಷೆ ಮುಗಿದ ಮರುದಿನ ಮರೆಯುವ ಮಗು, ತನ್ನ ನೆರೆಮನೆಯ ಕೋಣದ ಕತೆಯಾಗಿ ಇದನ್ನು ಕೇಳಿದರೆ ಮರೆಯಲಿಕ್ಕಿಲ್ಲ.

ಆದರೆ ಜಾತ್ರೆಯ ಖುಷಿಯನ್ನಷ್ಟೇ ತೋರಿಸಿ ಕರೆದುಕೊಂಡು ಬರುವುದಾದರೆ ಹೋಗದಿರುವುದೇ ಒಳ್ಳೆಯದು. ಒಂದು ಓಟದಲ್ಲಿ ಕೋಣಕ್ಕೆ ಎಷ್ಟು ಏಟು ಬಿತ್ತು ಎಂದು ಮಕ್ಕಳು ಎಣಿಸಿ ಬರೆಯಲಿ. ಪ್ರಾಣಿದಯೆಯವರದ್ದು ಸರಿಯೋ, ಕಂಬಳದವರದ್ದು ಸರಿಯೋ ಎಂಬ ಚರ್ಚಾಸ್ಪರ್ಧೆಗೆ ಆಗ ಘೋಷಣೆಯ ಬದಲು ಅಂಕಿ ಸಿಗುತ್ತದೆ. ಕಂಬಳದ ಹಿಂದಿನ ರಾತ್ರಿ ಕೊರಗರನ್ನು ಡೋಲು ಬಾರಿಸಲು ಕೂರಿಸುತ್ತಿದ್ದುದು, ಕೋಣಗಳಿಗೆ ಮೊದಲು ಅವರನ್ನು ಕರೆಯಲ್ಲಿ ಓಡಿಸುತ್ತಿದ್ದುದು ಈ ಗದ್ದೆಗಳ ಚರಿತ್ರೆಯೇ. ಅಜಲು ಪದ್ಧತಿ ನಿಷೇಧಿಸಲು 2000ದಲ್ಲಿ ರಾಜ್ಯ ಕಾಯ್ದೆ ತರಬೇಕಾಯಿತು. ಅಸ್ಪೃಶ್ಯತೆ ಎಂದರೆ ಎಲ್ಲೋ ದೂರದ ಊರಿನ ಸಂಗತಿ ಎಂದು ಓದುವ ಮಕ್ಕಳಿಗೆ ಇದನ್ನು ಮಂಜೊಟ್ಟಿಯ ಪಕ್ಕ ನಿಂತೇ ಹೇಳಬೇಕು. ಹೇಳುವ ಟೀಚರಿಗೆ ಊರಿನ ದೊಡ್ಡವರಿಂದ ಮಾತು ಬರಬಹುದು. ಆಗ ಶಾಲಾಭಿವೃದ್ಧಿ ಸಮಿತಿ ಅವರ ಜೊತೆ ನಿಲ್ಲಬೇಕು.

ಕಂಬಳದ ಹೆಸರಿನಲ್ಲೂ ಒಂದು ನಕ್ಷೆ ಇದೆ. ಕೋಟಿ-ಚೆನ್ನಯರ ಪಾಡ್ದನದ ದಾರಿ ಪಡುಮಲೆಯಿಂದ ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ. ಬುದ್ಯಂತನ ಜೊತೆ ಅವರ ಜಗಳ ಹುಟ್ಟುವುದೂ ಕಂಬಳದ ಗದ್ದೆಯ ವಿಷಯಕ್ಕೇ. ಊರುಗಳ ಹೆಸರು ಹಿಡಿದು ಮಕ್ಕಳೇ ದಾರಿ ಗುರುತು ಹಾಕಿದರೆ ಭೂಗೋಳ, ಇತಿಹಾಸ ಎರಡೂ ಆಯಿತು.

ಪುತ್ತೂರಿಗೆ ಬರಲಿಕ್ಕೆ ದೂರ ಎನ್ನುವ ಸುಳ್ಯ, ಕಡಬದ ಒಳಗಿನ ಶಾಲೆಗಳಿಗೆ ಕಬಡ್ಡಿ ಇದೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಒಂದು ರೈಡಿಗೆ 30 ಸೆಕೆಂಡು. ಹಿಡಿದವನ ತೂಕ, ಗೆರೆ ಮುಟ್ಟಲು ಚಾಚಿದ ಕೈ, ನೆಲದ ಘರ್ಷಣೆ ಎಲ್ಲವೂ ಕುಸ್ತಿಯಂತೆಯೇ ಭೌತಶಾಸ್ತ್ರ.

ನಮ್ಮ ಜಿಲ್ಲೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಮೇಲಿನ ಸಾಲಿನಲ್ಲಿ ನಿಲ್ಲುವಂಥದ್ದು, ಹಾಗಾಗಿ ಮೊದಲು ಬರುವ ಪ್ರಶ್ನೆ ಪೋರ್ಷನ್ ಮುಗಿಯಬೇಕಲ್ಲ ಎಂದು. ಮೇಲೆ ಹೇಳಿದ್ದೆಲ್ಲ ಪೋರ್ಷನ್ನೇ. ನಮ್ಮ ಕಾಳಜಿ ಬೇರೆ. ಹಿಂದಿನ ಬೆಂಚಿನಿಂದ ಎದ್ದು ಗದ್ದೆಗೆ ಹೋಗುವ ಹುಡುಗನಿಗೆ ಕೋಣದ ಮೈಯಲ್ಲಿ ಬೆವರು ಗ್ರಂಥಿ ಕಡಿಮೆ ಎಂಬ ವಾಕ್ಯ ಗೊತ್ತಿರಲಿಕ್ಕಿಲ್ಲ. ಆದರೆ ಬಿಸಿಲೇರಿದರೆ ಅದಕ್ಕೆ ಎಷ್ಟು ಹೊತ್ತಿಗೊಮ್ಮೆ ನೀರು ಹೊಯ್ಯಬೇಕೆಂದು ಗೊತ್ತು. ಮನೆಯಲ್ಲಿ ಅವನಿಗೆ ಅದು ಕೆಲಸ, ಶಾಲೆಯಲ್ಲಿ ಅದಕ್ಕೆ ಒಂದು ಅಂಕವೂ ಇಲ್ಲ, ಹಾಜರಿ ಪುಸ್ತಕದಲ್ಲಿ ಗೈರು. ವರ್ಷಕ್ಕೆ ಒಂದು ದಿನವಾದರೂ ಅವನು ತರಗತಿಗೆ ವಿವರಿಸುವವನಾಗಲಿ, ಟೀಚರ್ ಬರೆದುಕೊಳ್ಳುವವರಾಗಲಿ.

ಸರಕಾರಿ ಶಾಲೆಗಳಲ್ಲಿ ತಿಂಗಳಿಗೊಂದು ಶನಿವಾರ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಇದೆ. ಕಂಬಳ ಶುರುವಾಗುವುದೂ ಶನಿವಾರ ಬೆಳಗ್ಗೆಯೇ. ಎರಡೂ ಒಂದೇ ವಾರಕ್ಕೆ ಬೀಳದಿದ್ದರೆ ಶಿಕ್ಷಣಾಧಿಕಾರಿಗಳು ಬ್ಯಾಗಿಲ್ಲದ ದಿನವನ್ನು ಒಂದೆರಡು ವಾರ ಸರಿಸಲು ಒಪ್ಪಿದರೆ ಸಾಕು. ಕಂಬಳ ಸಮಿತಿಯವರು ಕರೆಯ ಬದಿಯಲ್ಲಿ ಹಗ್ಗ ಕಟ್ಟಿ ಮಕ್ಕಳಿಗೆ ಜಾಗ ಬಿಡಬೇಕು, ಕುಡಿಯುವ ನೀರು ಇಡಬೇಕು. ಮಧ್ಯಾಹ್ನದ ಊಟಕ್ಕೆ ಮಕ್ಕಳು ಶಾಲೆಗೆ ವಾಪಸ್ ಬಂದಿರಬೇಕು, ರಾತ್ರಿಯ ಓಟಗಳನ್ನು ಮನೆಯವರ ಜೊತೆ ನೋಡಿಕೊಳ್ಳಲಿ.